ಮಾದಪ್ಪನವರ ಗಂಟಲಿನ ಅಡಿಕೆ

ಗುಂಡ್ಲುಪೇಟೆಯಲ್ಲಿ ಯಾರನ್ನಾದರೂ ಕೇಳಿ, ಈರುಳ್ಳಿ ಮಂಡಿಯ ಮಾದಪ್ಪನವರ ಜೀವ ಉಳಿಸಿದವನು ನಾನೇ ಎನ್ನುತ್ತಾರೆ. ಇದಕ್ಕೆ ಸಾಕ್ಷಿ ಏನು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕಾಲೇಜಿನ ಚರ್ಚಾಕೂಟಗಳಲ್ಲಿ ಎದುರಾಳಿಯ ಒಂದೊಂದು ಮಾತಿಗೂ ಆಧಾರ ಕೇಳುತ್ತಿದ್ದ ನಾನು ಕೂಡ ಈ ಒಂದು ವಿಷಯದಲ್ಲಿ ಬಾಯಿ ಮುಚ್ಚಿಕೊಂಡೇ ಇದ್ದೆ. ಇವತ್ತು ಬೆಳಿಗ್ಗೆ, ವರ್ಷವರ್ಷದಂತೆ, ಅವರು ಕಳಿಸಿದ ಈರುಳ್ಳಿ ಮೂಟೆ ಚಾಮರಾಜನಗರದ ನನ್ನ ಮನೆ ಬಾಗಿಲಿಗೆ ಬಂತು. ಘಾಟಿಗೆ ಕಣ್ಣಲ್ಲಿ ನೀರು ಬಂತು. ಘಾಟಿಗೇ ಬಂತು ಅಂತಿಟ್ಟುಕೊಳ್ಳಿ.

ಸಾವಿರದ ಒಂಬೈನೂರ ಐವತ್ತನಾಲ್ಕರ ಚಳಿಗಾಲ. ಕೊನೆಯ ವರ್ಷದ ಡಾಕ್ಟರಿ ಪರೀಕ್ಷೆಗೆ ಓದಲು ಮೈಸೂರಿನಿಂದ ಗುಂಡ್ಲುಪೇಟೆಯ ಮನೆಗೆ ಬಂದಿದ್ದೆ. ಉಳಿದದ್ದೆಲ್ಲ ಹೇಗೋ ಆಗಿತ್ತು. ತುರ್ತು ಚಿಕಿತ್ಸೆ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಹಾವು ಕಡಿದವನು, ವಿಷ ಕುಡಿದವನು, ನೀರಲ್ಲಿ ಮುಳುಗಿದವನು ಎಲ್ಲರೂ ನನ್ನ ತಲೆಯೊಳಗೆ ಒಂದೇ ಮಂಚದ ಮೇಲೆ ಮಲಗಿರುತ್ತಿದ್ದರು. ಪಾಠ ಒಪ್ಪಿಸಲು ಒಬ್ಬರು ಬೇಕಿತ್ತು. ಮಿಡ್ಲ್‌ಸ್ಕೂಲಿಗೇ ಓದು ನಿಂತಿದ್ದ ತಂಗಿ ಗೌರಿ ಸಿಕ್ಕಿದಳು.

“ಇಂಗ್ಲೀಷಲ್ಲಿ ಬ್ಯಾಡ ಕಣಣ್ಣ, ಕನ್ನಡದಲ್ಲೇ ಏಳು. ಇಲ್ದಿದ್ರೆ ನೀ ಬುಟ್ಟಿದ್ದು ನಂಗೆಂಗೆ ಗೊತ್ತಾದದು?”

ಜಗಲಿಯಲ್ಲಿ ಅವಳು ಅವರೆಕಾಯಿ ಸುಲಿಯುವಳು, ನಾನು ಒಪ್ಪಿಸುವೆ. ತಿಂಗಳು ಕಳೆಯುವಷ್ಟರಲ್ಲಿ ನಾನು ತಪ್ಪಿದಲ್ಲೆಲ್ಲ ಅವಳೇ ತಿದ್ದತೊಡಗಿದಳು. ಅದನ್ನು ಸೊಕ್ಕು ಎಂದೆ. ಬೇರೆ ವಾದ ಹೊಳೆಯಲಿಲ್ಲ. ಒಂದು ನಿಯಮ ಮಾತ್ರ ನಾನೆಂದೂ ತಪ್ಪಿದವನಲ್ಲ. ನಮ್ಮ ಪ್ರೊಫೆಸರರ ಕಟ್ಟಪ್ಪಣೆ ಅದು: ರೋಗಿ ಯಾರೇ ಆಗಲಿ, ಮೊದಲು ಹೆಸರು, ಆಮೇಲೆ ವಯಸ್ಸು, ಆಮೇಲೆ ಕಸುಬು, ಕಾಯಿಲೆಯ ಮಾತು ಅದಾದ ಮೇಲೆ.

ಅಂಥ ಒಂದು ಮಧ್ಯಾಹ್ನ ಅಪ್ಪನನ್ನು ನೋಡಲು ಬಂದ ಮಾದಪ್ಪನವರು ಜಗಲಿಯ ಮೇಲೆ ಕೂತು ಬಾಯಿಗೆ ಅಡಿಕೆ ಹಾಕಿಕೊಂಡರು.

“ಏನ್ಲಾ ಡಾಕ್ಟ್ರೇ, ದನಕ್ಕೂ ಔಸ್ದಿ ಕೊಟ್ಟೀಯಾ, ಇಲ್ಲ ಬರೀ ಮನುಸ್ರಿಗೋ?”

ತಮ್ಮ ಮಾತಿಗೆ ತಾವೇ ನಕ್ಕರು. ನಗು ಅರ್ಧಕ್ಕೇ ನಿಂತಿತು. ಕೈ ಗಂಟಲಿಗೆ ಹೋಯಿತು, ಮುಖ ಕಪ್ಪಿಟ್ಟಿತು. ಉಸಿರೂ ಇಲ್ಲ, ಸದ್ದೂ ಇಲ್ಲ.

ನಾನು ಎದ್ದೆ. ಹುಟ್ಟಿದಾಗಿನಿಂದ ಬಲ್ಲ ಆ ಮನುಷ್ಯನ ಎದುರು ನೆಟ್ಟಗೆ ನಿಂತು ಕೇಳಿದೆ: “ತಮ್ಮ ಹೆಸರು? ವಯಸ್ಸು?”

ಉತ್ತರಕ್ಕೆ ಕಾದೆ ಕೂಡ.

ಗೌರಿ ಮೊರ ತಳ್ಳಿ ಎದ್ದು ಬಂದಳು. ಅವರನ್ನು ಮುಂದಕ್ಕೆ ಬಗ್ಗಿಸಿ ಎರಡು ಹೆಗಲಿನ ನಡುವೆ ಅಂಗೈಯಿಂದ ಬಲವಾಗಿ ಹೊಡೆದಳು. ನಾಲ್ಕನೆಯ ಏಟಿಗೆ ಅಡಿಕೆ ಹೋಳು ಅವರೆ ಸಿಪ್ಪೆಯ ಮೇಲೆ ಬಿತ್ತು. ಮಾದಪ್ಪನವರು ಗೊರ್ರೆಂದು ಉಸಿರೆಳೆದುಕೊಂಡರು.

ಒಳಗಿನಿಂದ ಓಡಿ ಬಂದ ಅಪ್ಪನಿಗೆ ಅವಳು ಹೇಳಿದಳು: “ಅಣ್ಣ ಏಳ್ದಂಗೆ ಮಾಡ್ದೆ ಕಣಪ್ಪ.”

“ಉಳಿಸ್ಬುಟ್ಟೆ ಕಣ್ಲಾ,” ಎಂದು ಮಾದಪ್ಪನವರು ನನ್ನ ಕೈ ಹಿಡಿದರು. ನಾನು ಬಿಡಿಸಿಕೊಳ್ಳಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಾಗ ಅವಳು ಮಾಡಿದ್ದನ್ನೇ ಹೇಳಿ ಪಾಸಾದೆ.

ಈ ಸಲ ಮೂಟೆ ಬಿಚ್ಚಲಿಲ್ಲ. ಬಸ್ಸಿನ ಮೇಲೆ ಹಾಕಿಸಿಕೊಂಡು ಹರದನಹಳ್ಳಿಗೆ, ಗೌರಿಯ ಗಂಡನ ಮನೆಗೆ ಹೋದೆ. “ಇದು ನಿಂದು,” ಎಂದೆ. ಅವಳು ಒಂದು ಗೆಡ್ಡೆ ತೆಗೆದು ಅಮುಕಿ ನೋಡಿ, “ಗಟ್ಟಿಯಾಗವೆ,” ಎಂದು ಈಳಿಗೆ ಮಣೆ ಎಳೆದುಕೊಂಡು ಹೆಚ್ಚತೊಡಗಿದಳು.

“ಗೌರಿ, ಅಣ್ಣ ಹೇಳ್ದಂಗೆ ಮಾಡ್ದೆ ಅಂದ್ಯಲ್ಲ, ಅವತ್ತು ನಾನು ಹೇಳಿದ್ದಾದ್ರೂ ಏನು?”

“‘ತಮ್ಮ ಹೆಸರು? ವಯಸ್ಸು?’ ಅಂದೆ ಕಣಣ್ಣ,” ಎಂದಳು, ಹೆಚ್ಚುತ್ತಲೇ.