ಅತ್ತೆಯ ಥಾಯ್ ಧಾರಾವಾಹಿ

ನಮ್ಮತ್ತೆ ಮೈಸೂರಿನಿಂದ ನೈರೋಬಿಗೆ ಮೂರು ತಿಂಗಳ ಮಟ್ಟಿಗೆ ಬಂದಾಗ ಅವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುರಿಹಿಟ್ಟು, ನನಗೊಂದು ಸೀರೆ ಎಲ್ಲ ಇದ್ದವು. ನನ್ನ ಮಗಳನ್ನು ನನ್ನಿಂದ ಕಿತ್ತುಕೊಳ್ಳುವ ಉಪಾಯವೇನೂ ಇರಲಿಲ್ಲ. ಅದು ಅವರಿಗೆ ಇಲ್ಲೇ ಸಿಕ್ಕಿತು, ಪಂಗಾನಿಯ ನಮ್ಮ ಫ್ಲಾಟಿನ ಟಿವಿಯಲ್ಲಿ.

ಮಗಳಿಗೆ ಆಗ ಹದಿನೈದು. ಇಲ್ಲಿ ಬೆಳೆದ ಕನ್ನಡದ ಮಕ್ಕಳೆಲ್ಲರ ಹಾಗೆ ಅವಳಿಗೂ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. "ಊಟಕ್ಕೆ ಬಾರೇ" ಅಂದರೆ "ಇನ್ ಅ ಮಿನಿಟ್, ಅಮ್ಮಾ." ನಾನು ಮಾಡದ ಪ್ರಯತ್ನವಿಲ್ಲ. ಅಕ್ಷರಮಾಲೆಯ ಚಾರ್ಟು ತರಿಸಿ ಫ್ರಿಜ್ಜಿಗೆ ಅಂಟಿಸಿದೆ. ಭಾನುವಾರದ ಕನ್ನಡ ತರಗತಿಗೆ ಎಳೆದುಕೊಂಡು ಹೋದೆ. ಕನ್ನಡದಲ್ಲಿ ಕೇಳಿದರೆ ಮಾತ್ರ ದೋಸೆ ಅಂತ ಹಟ ಹಿಡಿದೆ, ಅವಳು ಬ್ರೆಡ್ಡು ತಿಂದುಕೊಂಡು ಸ್ಕೂಲಿಗೆ ಹೋದಳು. "ಬಿಡೇ, ಮುಂದೆ ತಾನಾಗೇ ಬರತ್ತೆ" ಅಂತ ನನ್ನ ಗಂಡ ಹೇಳುತ್ತಿದ್ದರು. ಅವರು ದಿನವಿಡೀ ಮಾತ್ರೆ ತಯಾರಿಸುವ ಫ್ಯಾಕ್ಟರಿಯಲ್ಲಿರುತ್ತಾರೆ. ಎಲ್ಲ ರೋಗವೂ ತಾನಾಗೇ ವಾಸಿಯಾಗುತ್ತದೆ ಅನ್ನುವ ನಂಬಿಕೆ ಅವರಿಗೆ ಎಲ್ಲಿಂದ ಬಂತೋ ತಿಳಿಯದು.

ಆ ದಿನಗಳಲ್ಲಿ ಮಗಳೂ ಅವಳ ಗೆಳತಿಯರೂ ಒಂದು ಥಾಯ್ ಧಾರಾವಾಹಿಯ ಗುಂಗಿನಲ್ಲಿದ್ದರು. ಮೂಲ ಕಥೆ ಜಪಾನಿನ ಹಳೆಯ ಮಂಗಾ ಅಂತೆ, ಅಂದರೆ ಚಿತ್ರಕಥೆಯ ಪುಸ್ತಕ. ನೂಡಲ್ಸ್ ಅಂಗಡಿಯವನ ಮಗಳು, ಬಾಯೇ ಬಿಡದ ಸಿರಿವಂತ ಹುಡುಗ, ಮುತ್ತಿನ ಸರ ಹಾಕಿಕೊಂಡು ಕಿಡಿ ಕಾರುವ ಅವನ ತಾಯಿ. ಇಷ್ಟರಲ್ಲಿ ಇಡೀ ಕಥೆ ಗೊತ್ತಾಗಿಬಿಡುತ್ತದೆ. ಗೊತ್ತಾಗದೆ ಇದ್ದದ್ದು ನಮ್ಮತ್ತೆಗೆ ಮಾತ್ರ. ಮಾತೆಲ್ಲ ಥಾಯ್, ಕೆಳಗೆ ಬರುವ ಸಬ್‌ಟೈಟಲ್ ಇಂಗ್ಲಿಷ್. ಅತ್ತೆ ಕನ್ನಡದ ವಾರಪತ್ರಿಕೆಗಳನ್ನು ಜಾಹೀರಾತೂ ಬಿಡದೆ ಓದುವವರು. ಇಂಗ್ಲಿಷಿನಲ್ಲಿ ಮೊದಲ ಪದ ಕೂಡಿಸಿಕೊಂಡು ಓದುವಷ್ಟರಲ್ಲಿ ಸಾಲೇ ಮಾಯ.

ಬಂದ ಮೊದಲ ಶನಿವಾರವೇ ಅವರು ಸೋಫಾದ ಮೇಲೆ ಮೊಮ್ಮಗಳ ಪಕ್ಕ ಕೂತು, "ಏನಂತೆ ಪುಟ್ಟಿ? ಯಾಕೆ ಅಳ್ತಿದಾಳೆ ಆ ಹುಡುಗಿ?" ಅಂತ ಕೇಳಿದರು. ನಾನು ಹರ್ಲಿಂಗ್‌ಹ್ಯಾಮಿನ ಆಫೀಸಿನಿಂದ ಟ್ರಾಫಿಕ್ಕಿನಲ್ಲಿ ಬೆಂದು ಆಗಷ್ಟೇ ಒಳಗೆ ಬಂದಿದ್ದೆ. ಚಪ್ಪಲಿ ಬಿಡುತ್ತಾ ಇದ್ದವಳು ಹಾಗೇ ನಿಂತುಬಿಟ್ಟೆ.

"ಅವ್ನು ಅವ್ಳ ಲೆಟರ್ ಓದ್ಲೇ ಇಲ್ಲ ಅಜ್ಜಿ. ಡಸ್ಟ್‌ಬಿನ್‌ಗೆ ಹಾಕ್ಬಿಟ್ಟ. ಅದಕ್ಕೆ ಅಳ್ತಿದಾಳೆ."

ನನ್ನ ಮಗಳು! ಸಲೀಸಾಗಿ, ಯಾರೂ ಬೇಡಿಕೊಳ್ಳದೆ! ಖುಷಿಪಡಬೇಕಾಗಿತ್ತು, ಒಪ್ಪುತ್ತೇನೆ. ನನಗೆ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ಶನಿವಾರದ ಸಂಜೆಗಳು ಅಜ್ಜಿ ಮೊಮ್ಮಗಳದ್ದಾದವು. ಮಗಳು ಓದಿ ಓದಿ ಹೇಳುವಳು, ಅತ್ತೆ ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತಾ "ಅಯ್ಯೋ ಪಾಪಿ" ಅನ್ನುವರು. ನಾನು ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಗಳ ನಡುವೆ ಕಿವಿ ನಿಮಿರಿಸಿಕೊಂಡು ನಿಂತಿರುತ್ತಿದ್ದೆ. ಒಂದು ಶನಿವಾರ ತಡೆಯಲಾರದೆ ನಾನೂ ಹೋಗಿ ಕೂತೆ. "ಕನ್ನಡಕ ಎಲ್ಲಿಟ್ನೋ ಕಾಣ್ತಿಲ್ಲ ಕಣೇ. ಏನಂದ ಅವ್ನು?" ಅಂದೆ. ಕನ್ನಡಕ ನನ್ನ ಬ್ಯಾಗಿನಲ್ಲೇ ಇತ್ತು. ಮಗಳು ರಿಮೋಟ್ ಎತ್ತಿಕೊಂಡು ಏನೋ ಒತ್ತಿದಳು. ಪರದೆಯ ತಳದಲ್ಲಿ ಅಕ್ಷರಗಳು ಬದನೆಕಾಯಿ ಗಾತ್ರಕ್ಕೆ ಉಬ್ಬಿದವು.

"ದೇರ್, ಅಮ್ಮಾ. ನೌ ಯು ಕ್ಯಾನ್ ರೀಡ್."

ಎರಡು ಡಿಗ್ರಿ ಮಾಡಿಕೊಂಡದ್ದಕ್ಕೆ ನನಗೆ ಸಿಕ್ಕ ಶಿಕ್ಷೆ ಇದು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಅವರಿಗೆ ಕನ್ನಡ ಸಿಗುತ್ತಿದೆ. ನನಗೆ ಬರುತ್ತದೆ, ಆದ್ದರಿಂದ ನನಗಿಲ್ಲ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಮುಂದಿನ ವಾರ ಮುತ್ತಿನ ಸರದ ತಾಯಿ ಮಗನನ್ನು ಬೈಯುವ ದೃಶ್ಯ ಬಂತು. ಅರಮನೆಯಂಥ ಮನೆ, ಸುತ್ತ ಆಳುಕಾಳು. ಮಗಳ ದನಿ ಅಡುಗೆಮನೆಗೆ ಕೇಳಿಸಿತು: "ಅವ್ಳು ಹೇಳ್ತಿದಾಳೆ ಅಜ್ಜಿ, ನಾನೇನ್ ನಿನ್ ಮನೆ ಕೆಲಸದವಳಾ? ತಿಂದ್ ತಟ್ಟೆ ಎತ್ತೋಕೂ ಮೈ ಬಗ್ಗಲ್ವಾ? ಮುಖ ಊದಿಸ್ಕೊಂಡ್ ಕೂತ್ರೆ ಎಲ್ಲ ಆಗತ್ತಾ?"

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಬ್ಯಾಂಕಾಕ್‌ನವಳಿಗೂ ನಿಮ್ಮಮ್ಮನ ಮಾತೇ ಬರತ್ತಲ್ಲೇ!"

ಕೈಯಲ್ಲಿದ್ದ ಸೌಟು ಹಾಗೇ ಸಾರಿನಲ್ಲಿ ನಿಂತಿತು. ನಾನು ಮಗಳನ್ನು ಮುದ್ದು ಮಾಡುವುದು ಇಂಗ್ಲಿಷಿನಲ್ಲಿ, ಸ್ವೀಟಿ, ಲವ್ ಯೂ, ಗುಡ್ ನೈಟ್ ಅಂತ. ಸಿಟ್ಟು ಬಂದಾಗ ಮಾತ್ರ ಕನ್ನಡ ನುಗ್ಗಿ ಬರುತ್ತದೆ. ಅವಳ ಬಾಯಲ್ಲಿ ಪಾಪಿ, ಪುಟ್ಟಿ, ಬಂಗಾರಿ ಎಲ್ಲ ಅಜ್ಜಿಯಿಂದ ಬಂದ ಮಾತುಗಳು. ಖಳನಾಯಕಿಯ ಪಾಲಿಗೆ ನನ್ನವು. ಆ ರಾತ್ರಿ ಅತ್ತೆಯ ತಟ್ಟೆಗೆ ಹಪ್ಪಳ ಹಾಕುವುದನ್ನು ಮರೆತೆ. ಮರೆತದ್ದೇನಲ್ಲ, ಹಾಕಲಿಲ್ಲ.

ಸೇಡು ತೀರಿಸಿಕೊಳ್ಳಲು ನನ್ನ ಹತ್ತಿರ ಇದ್ದ ಅಸ್ತ್ರ ಒಂದೇ, ಕರೆಂಟಿನ ಮೀಟರು. ಇಲ್ಲಿ ಮೊದಲೇ ಟೋಕನ್ ಕೊಂಡು ಅದರ ನಂಬರ್ ಒತ್ತಿದರೆ ಮಾತ್ರ ಮನೆಗೆ ಕರೆಂಟು. ಅದು ನನ್ನ ಖಾತೆಯ ಕೆಲಸ. ಶುಕ್ರವಾರವೇ ಮೀಟರಿನ ಕೆಂಪು ದೀಪ ಮಿನುಗುತ್ತಿದ್ದದ್ದು ಕಂಡಿತ್ತು. ಕಂಡೂ ಸುಮ್ಮನಿದ್ದೆ. ಶನಿವಾರ ಸಂಜೆ, ಹುಡುಗ ಮಾತಾಡಲು ಬಾಯಿ ತೆರೆಯುತ್ತಿದ್ದ ಹಾಗೇ ಟಿವಿ ಆರಿತು.

"ಅಮ್ಮಾ! ಟೋಕನ್ಸ್!"

"ನೆಟ್‌ವರ್ಕ್ ಸಿಕ್ತಿಲ್ಲ ಕಣೇ, ಸ್ವಲ್ಪ ತಡಿ" ಅಂದೆ, ನಾಲ್ಕೂ ಗೆರೆ ಇದ್ದ ಫೋನನ್ನು ಕೈಯಲ್ಲಿ ಹಿಡಿದುಕೊಂಡು. ಇನ್ನು ಅವಳು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ, ಅತ್ತೆ ದೇವರ ಮುಂದೆ ಕೂರುತ್ತಾರೆ ಅಂತ ನನ್ನ ಲೆಕ್ಕಾಚಾರ.

ಕತ್ತಲಲ್ಲಿ ಅತ್ತೆಯ ದನಿ ಬಂತು. "ಹೋದ್ರೆ ಹೋಗ್ಲಿ ಬಿಡು ಪುಟ್ಟಿ. ಮುಂದೇನಾಗತ್ತೆ, ನೀನೇ ಹೇಳು."

ಅವಳು ಹೇಳಿದಳು! ಓದುವುದಕ್ಕೆ ಒಂದಕ್ಷರವಿಲ್ಲ, ಎಲ್ಲವನ್ನೂ ತಾನೇ ಕಟ್ಟಿ ಹೇಳಿದಳು. ಹುಡುಗ ಅಂಗಡಿಗೆ ಬರುತ್ತಾನೆ, ಹುಡುಗಿಯ ಅಪ್ಪ ನೂಡಲ್ಸ್ ಕೊಡೋದಿಲ್ಲ ಅನ್ನುತ್ತಾನೆ, ಹುಡುಗ ಮಳೆಯಲ್ಲಿ ನಿಂತು ನೆನೆಯುತ್ತಾನೆ, ನೆಗಡಿ ಆಗುತ್ತದೆ. ಪದ ಸಿಗದ ಕಡೆ ಕೈಬಾಯಿ ಆಡಿಸುತ್ತಿದ್ದಳೇನೋ, ಅತ್ತೆ ಕತ್ತಲಲ್ಲೇ ನಗುತ್ತಿದ್ದರು. ಹದಿನೈದು ವರ್ಷದಲ್ಲಿ ನಾನು ಕೇಳದಷ್ಟು ಕನ್ನಡ ನನ್ನ ಹಾಲಿನಲ್ಲಿ ಹರಿಯುತ್ತಿತ್ತು, ನಾನೇ ಕರೆಂಟು ತೆಗೆಸಿ ಅದಕ್ಕೆ ಅನುಕೂಲ ಮಾಡಿಕೊಟ್ಟಿದ್ದೆ. ಹೋಗಿ ಟೋಕನ್ ಒತ್ತಿದೆ. ದೀಪ ಬಂದಾಗ ಇಬ್ಬರೂ ಒಂದೇ ಶಾಲಿನೊಳಗೆ ಕೂತಿದ್ದರು.

ಕೊನೆಯ ಕಂತು ಅತ್ತೆ ಹೊರಡುವ ವಾರದಲ್ಲಿ ಬಂತು. ವಿದೇಶಕ್ಕೆ ಹೋಗಿದ್ದ ಹುಡುಗ ವರ್ಷಗಳ ಮೇಲೆ ಮರಳಿ ನೂಡಲ್ಸ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕೊನೆಗೂ ಏನೋ ಹೇಳಿದ.

"ಏನಂದ?" ಅತ್ತೆ ಕೇಳಿದರು.

"ಅವ್ನು… ಅವ್ನಿಗೆ…" ಮಗಳು ತಡವರಿಸಿದಳು. ಟಿವಿ ನಿಲ್ಲಿಸಿ ಅಡುಗೆಮನೆಯ ಕಡೆ ತಿರುಗಿದಳು. "ಅಮ್ಮಾ, ಐ ಮಿಸ್ಡ್ ಯೂ ಅನ್ನೋದನ್ನ ಹೆಂಗೆ ಹೇಳ್ಬೇಕು?"

ನನ್ನನ್ನು ಕೇಳಿದಳು. ಕನ್ನಡದಲ್ಲಿ ಕೇಳಿದಳು. ಕೈ ಒರೆಸಿಕೊಂಡು ಬಾಗಿಲಿಗೆ ಬಂದೆ. ಬೇರೆ ಯಾರೇ ಆಗಿದ್ದರೂ ಏನೋ ಒಂದು ಹೇಳಿ ಮುಗಿಸುತ್ತಿದ್ದೆ. ಅವಳ ಮುಖ ನೋಡುತ್ತಾ, ಅವಳಿಗೇ ಹೇಳುವ ಹಾಗೆ ಹೇಳಿದೆ: "ನೀನಿಲ್ದೆ ಮನೆ ಮನೆ ಥರಾನೇ ಇರ್ಲಿಲ್ಲ."

"ಓ, ನೈಸ್" ಅಂದಳು. ಅಜ್ಜಿಯ ಕಡೆ ತಿರುಗಿ, "ನೀನಿಲ್ದೆ ಮನೆ ಮನೆ ಥರಾನೇ ಇರ್ಲಿಲ್ಲ ಅಂತ ಅಜ್ಜಿ" ಅಂದಳು. ಅತ್ತೆಯ ಕಣ್ಣು ತುಂಬಿತು. ಅವಳ ಗಲ್ಲ ಹಿಡಿದು ಮುತ್ತು ಕೊಟ್ಟರು. ನಾನು ಒಗ್ಗರಣೆ ಹಾಕಲು ಒಳಗೆ ಹೋದೆ.

ಅತ್ತೆ ಹೊರಟ ದಿನ ಏರ್‌ಪೋರ್ಟಿನಲ್ಲಿ ನನ್ನ ಗಂಡ ಪಾರ್ಕಿಂಗ್ ಹುಡುಕುತ್ತಿದ್ದರು, ನಾನು ಟ್ರಾಲಿ ಹಿಡಿದುಕೊಂಡಿದ್ದೆ. ಅತ್ತೆ ಬಾಗಿಲಲ್ಲಿದ್ದ ಗಾರ್ಡಿಗೂ ಇಲ್ಲಿಯವರ ಹಾಗೆ ಅಸಾಂಟೆ ಅಂತ ಥ್ಯಾಂಕ್ಸ್ ಹೇಳಿ, ನನ್ನ ತಲೆ ಸವರಿ, ಮೊಮ್ಮಗಳನ್ನು ತಬ್ಬಿಕೊಂಡರು. ಮಗಳು ಅವರ ಹೆಗಲಲ್ಲಿ ಮುಖ ಇಟ್ಟು ಅಳುತ್ತಾ ಹೇಳಿದಳು:

"ನೀನಿಲ್ದೆ ಮನೆ ಮನೆ ಥರಾನೇ ಇರಲ್ಲ ಅಜ್ಜಿ."

ಒಂದು ಪದವೂ ತಪ್ಪಲಿಲ್ಲ. ಅವಳಿಗೆ ಆ ಮಾತು ಹೇಳಿಕೊಟ್ಟವಳು ನಾನು. ಇವತ್ತಿನವರೆಗೂ ನನಗದನ್ನು ಯಾರೂ ಹೇಳಿಲ್ಲ.