ತೂಬು ತೆಗೆದವಳು

ಮೇವಿಸ್ ಟನ್ನಿಕ್ಲಿಫ್ ಸ್ಟೋಕ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲಿನ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಲೇ ಆಯುಸ್ಸು ಸವೆಸಿದ ಹೆಂಗಸು. ಅವಳ ಕೈ ನಡುಗಿದ್ದನ್ನು ಕಂಡವರಿಲ್ಲ, ಬಾಯಿ ಸುಮ್ಮನಿದ್ದದ್ದನ್ನೂ ಕಂಡವರಿಲ್ಲ. ಕಾರ್ಖಾನೆಯ ಗೆಳತಿಯರೂ ಅವರ ಗಂಡಂದಿರೂ ಸೇರಿ ಪ್ರತಿ ಬೇಸಿಗೆಯಲ್ಲಿ ಒಂದು ವಾರ ರಜೆಗೆ ಹೊರಡುತ್ತಿದ್ದರು. ರಾತ್ರಿ ಯಾವುದಾದರೂ ವಸತಿಗೃಹ, ಹಗಲೆಲ್ಲ ಬಾಡಿಗೆಯ ಉದ್ದನೆ ದೋಣಿ, ದಿನಕ್ಕೊಂದು ಕಾಲುವೆ. ಚುಕ್ಕಾಣಿ ಮಾತ್ರ ಎಂದೆಂದಿಗೂ ಮೇವಿಸಳ ಗಂಡ ಸಿರಿಲ್‌ನದು.

ಸಿರಿಲ್ ಊರಿನ ಬಸ್ಸು ಓಡಿಸಿ ನಿವೃತ್ತನಾದವನು. ಚುಕ್ಕಾಣಿ ಹಿಡಿದು ನಿಂತನೆಂದರೆ ದೊರೆಯೂ ಲೆಕ್ಕಕ್ಕಿಲ್ಲ. ಆದರೆ ಎರಡು ವರ್ಷದಿಂದ ಅವನಿಗೆ ಮರೆವು ಹತ್ತಿತ್ತು. ಒಲೆ ಆರಿಸುವುದು ಮರೆಯಿತು, ತಮ್ಮ ಬೀದಿ ಮರೆಯಿತು. ಮೇವಿಸ್ ಯಾರಿಗೂ ಬಾಯಿ ಬಿಡಲಿಲ್ಲ. ದೋಣಿಯ ಹಿಂಬದಿಯಲ್ಲಿ ಅವನಿಗೆ ಅಂಟಿಕೊಂಡು ನಿಂತು, ತಿರುವು ಬಂದಾಗ ಮೆಲ್ಲಗೆ ಮೊಣಕೈ ಮುಟ್ಟುವಳು. ಅಷ್ಟಕ್ಕೇ ಅವನ ಕೈ ತಾನಾಗಿ ತಿರುಗುತ್ತಿತ್ತು. ಅದೊಂದನ್ನೂ ಕಿತ್ತುಕೊಂಡರೆ ಈ ಮನುಷ್ಯನಲ್ಲಿ ಏನು ಉಳಿಯುತ್ತದೆ ಎಂಬುದೇ ಅವಳ ಭಯ.

ಆ ವರ್ಷದ ರಜೆಯಲ್ಲಿ ಒಂದು ಮಧ್ಯಾಹ್ನ ಕಾಲುವೆಯ ಲಾಕಿನಲ್ಲಿ ಇಳಿಯಬೇಕಿತ್ತು. ಎರಡು ಬಾಗಿಲ ನಡುವಿನ ಕಲ್ಲಿನ ತೊಟ್ಟಿ ಅದು. ಮುಂದಿನ ಬಾಗಿಲ ತೂಬು ತೆಗೆದರೆ ನೀರು ಇಳಿಯುತ್ತದೆ, ಜೊತೆಗೆ ದೋಣಿಯೂ. ಹಿಂದಿನ ಬಾಗಿಲ ಬುಡದಲ್ಲಿ ನೀರೊಳಗೊಂದು ಕಲ್ಲಿನ ಮೆಟ್ಟಿಲು. ದೋಣಿಯ ಬಾಲ ಅದರ ಮೇಲೆ ಕೂತರೆ ಮುಗಿಯಿತು, ಮೂತಿ ಕೆಳಗಾಗಿ ಮಗುಚುತ್ತದೆ. ಅದಕ್ಕೇ ದೋಣಿ ಮುಂದೆ ಸರಿದಿದೆ ಎಂದು ಚುಕ್ಕಾಣಿಯವನು ಕೈ ಎತ್ತುವ ತನಕ ಯಾರೂ ತೂಬು ಮುಟ್ಟುವುದಿಲ್ಲ. ಯಾವಾಗಲೂ ತೂಬು ತಿರುಗಿಸುತ್ತಿದ್ದ ಗೆಳತಿ ಡೋರೀನಳ ಮಂಡಿ ಅಂದು ಊದಿತ್ತು.

"ನೀನೇ ಹೋಗೇ ಮಾರಾಯ್ತಿ," ಎಂದಳು ಡೋರೀನ್. "ಗಂಡನ್ನ ಏನು ಗೋಂದು ಹಚ್ಚಿ ಅಂಟಿಸ್ಕೊಂಡಿದ್ಯಾ?"

ಎಲ್ಲರೂ ನಕ್ಕರು. ಮೇವಿಸ್ ವಿಧಿಯಿಲ್ಲದೆ ದಡ ಹತ್ತಿದಳು. ಸಿರಿಲ್ ಕೈ ಎತ್ತಿದ, ಅವಳು ತೂಬು ತೆಗೆದಳು.

ನೀರು ಇಳಿಯತೊಡಗಿತು. ಸಿರಿಲ್ ಆಕಾಶ ನೋಡುತ್ತಾ ನಿಂತಿದ್ದ. ದೋಣಿ ಹಿಂದಕ್ಕೆ ಜಾರಿ, ಬಾಲ ಕಲ್ಲಿಗೆ ಕಚ್ಚಿ ಕಿರ್ ಎಂದಿತು. ಬಟ್ಟಲು, ಬುತ್ತಿ, ಮನುಷ್ಯರೆಲ್ಲ ಮುಂದಕ್ಕೆ ಉರುಳಿದರು. ಮೇವಿಸ್ ಕಿರುಚುತ್ತಾ ತೂಬು ಮುಚ್ಚಿ, ಏದುಸಿರು ಬಿಡುತ್ತಾ ಓಡಿಹೋಗಿ, ನೀರು ಒಳಬಿಡುವ ಹಿಂದಿನ ಬಾಗಿಲ ತೂಬು ತೆಗೆದಳು. ನೀರು ತುಂಬಿ ದೋಣಿ ಮತ್ತೆ ನೆಟ್ಟಗಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಸಿರಿಲ್‌ನ ಮುಖ ಸುಣ್ಣವಾಗಿತ್ತು. ಸುತ್ತಲಿದ್ದ ಒಂದೊಂದೇ ಮುಖ ನೋಡಿದ. ತನ್ನಿಂದಲೇ ಆಯಿತೇ ಎಂಬ ಅನುಮಾನ ಆ ಕಣ್ಣಲ್ಲಿ ಮೂಡುತ್ತಿರುವುದು ಮೇವಿಸ್‌ಗೆ ಕಂಡಿತು.

"ನಾನು ಕೈ ಎತ್ತಿದ್ನಾ?" ಎಂದ ಅವನು.

"ಇಲ್ಲ ಕಣೋ," ಎಂದಳು ಮೇವಿಸ್. "ನಾನೇ ಆತುರ ಬಿದ್ದೆ. ನನ್ನದೇ ತಪ್ಪು."

ಅವನು ಕೈ ಎತ್ತಿದ್ದನ್ನು ಎಲ್ಲರೂ ನೋಡಿದ್ದರು. ಆದರೂ ಡೋರೀನ್ ಸೊಂಟಕ್ಕೆ ಕೈ ಕೊಟ್ಟು ಶುರು ಮಾಡಿದಳು: "ಬುದ್ಧಿ ಎಲ್ಲಿಟ್ಟಿದ್ಯೇ? ನಮ್ಮನ್ನೆಲ್ಲ ಕೊಂದೇ ಬಿಡ್ತಿದ್ದೆಯಲ್ಲ!" ಬೈಯುತ್ತಿದ್ದವಳ ಕಣ್ಣಲ್ಲಿ ನೀರು.

"ಹೋಗ್ಲಿ ಬಿಡೇ, ಅವಳಿಗೆ ಅಭ್ಯಾಸ ಇಲ್ಲ," ಎಂದು ಸಿರಿಲ್ ದೊಡ್ಡ ಮನಸ್ಸು ಮಾಡಿದ. "ಆದ್ರೆ ಇವಳಿರೋ ದೋಣೀಲಿ ನಾನಿನ್ನು ಚುಕ್ಕಾಣಿ ಹಿಡಿಯಲ್ಲಪ್ಪ."

ಹಿಡಿಯಲೂ ಇಲ್ಲ. ಮಿಕ್ಕದ್ದೆಲ್ಲ ಮರೆತರೂ ಅದೊಂದು ಅವನಿಗೆ ಗಟ್ಟಿಯಾಗಿ ನಿಂತಿತು. ಹಾಲಿನವನಿಗೆ, ನರ್ಸಿಗೆ, ಕೊನೆಗೆ ಗುರುತೇ ಸಿಗದಂತಾದ ಹೆಂಡತಿಗೇ ಹೇಳುತ್ತಿದ್ದ: "ನಮ್ಮನೆಯವಳು ಒಂದ್ಸಲ ದೋಣಿ ಮುಳುಗಿಸೋಕೆ ಹೊರಟಿದ್ಳು ನೋಡಿ." ಮೇವಿಸ್ ಅವನ ಬಾಯಿಗೆ ಗಂಜಿ ಇಡುತ್ತಾ, "ಅಯ್ಯೋ, ಎಂಥಾ ಹೆಂಗಸಪ್ಪಾ!" ಎನ್ನುವಳು. ಅವನು ನಗುತ್ತಿದ್ದ.

ಅವನನ್ನು ಮಣ್ಣು ಮಾಡಿ ಬಂದ ದಿನ ಚಹಾ ಕುಡಿಯುವಾಗ ಸಿರಿಲ್‌ನ ತಂಗಿಯ ಮಗ ಗ್ಯಾರೆತ್ ದುಃಖ ಹಗುರ ಮಾಡಲೆಂದು ಕೇಳಿದ: "ಅತ್ತೆ, ಆ ತೂಬಿನ ಕಥೆ ನಿಜಾನಾ?"

"ಅಲ್ಲ ಕಣೋ, ಇವಳು ಪಾಪ..." ಎಂದು ಡೋರೀನ್ ಬಾಯಿ ತೆರೆದಳು. ಅಷ್ಟರಲ್ಲಿ ಮೇವಿಸ್ ಅವಳ ಕೈ ಅದುಮಿದಳು. ತನ್ನ ಮೇಲೆ ಆ ತಪ್ಪು ಹೊರಿಸುವವನೇ ಇನ್ನಿಲ್ಲವಲ್ಲ ಎಂದು ಆಗ ಹೊಳೆದು, ಅಲ್ಲಿಯತನಕ ಬಾರದಿದ್ದ ಅಳು ಒತ್ತರಿಸಿ ಬಂತು.

"ನಿಜ ಕಣಪ್ಪ," ಎಂದಳು. "ನಾನೇ ತೆಗೆದದ್ದು. ನಿಮ್ಮ ಮಾವ ಕೈ ಎತ್ತಿರಲೇ ಇಲ್ಲ."