ನೆನಪಿದ್ದ ಪಾಟಿ

ಈಚೆಗೆ ಒಂದು ದಿನ ಕಪಾಟಿನಲ್ಲಿ ಟಾರ್ಚು ಹುಡುಕುತ್ತಿದ್ದೆ. ಸಿಕ್ಕಿದ್ದು ಬಸ್ಸಿನ ಓಡಾಟದ ಕಾಲದ ನನ್ನ ಹೆಗಲಚೀಲ. ಜಿಪ್ಪು ಎಳೆದೊಡನೆ ಉಳ್ಳಾಗಡ್ಡಿಯ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ವರ್ಷವಾಗಿದೆ, ಆ ಕಾಲದಲ್ಲೇ ಚೀಲವನ್ನು ಒಂದೆರಡು ಸಲ ಒಗೆದೂ ಆಗಿತ್ತು. ವಾಸನೆ ಮಾತ್ರ ಜಾಗ ಬಿಟ್ಟಿಲ್ಲ. ಅದರೊಳಗೆ ನಮ್ಮ ಪಾಟಿ ಇತ್ತು.

ಪಾಟಿ ಎಂದರೆ ಬಳಪದಿಂದ ಬರೆಯುವ ಸ್ಲೇಟು ಎಂದುಕೊಳ್ಳಬೇಡಿ. ಇದು ಇ-ರೀಡರ್, ಪುಸ್ತಕ ಓದುವ ಯಂತ್ರ. ಧಾರವಾಡದವಳಾದ ನನ್ನ ಹೆಂಡತಿ ವತ್ಸಲಾ ಮೊದಲ ದಿನ ಅದನ್ನು ಕೈಯಲ್ಲಿ ಹಿಡಿದು, "ನಮ್ಮ ಸಾಲಿ ಪಾಟಿ ಇದ್ದಂಗ ಅದ ಅಲ್ರೀ ಇದು" ಎಂದಳು. ಅಂದಿನಿಂದ ಅದೇ ಹೆಸರು ನಿಂತಿತು.

ಆಗ ಬ್ಯಾಂಕಿನವರು ನನ್ನನ್ನು ನಾಸಿಕಕ್ಕೆ ವರ್ಗ ಮಾಡಿದ್ದರು. ಮಗಳ ಶಾಲೆಯಿಂದಾಗಿ ವತ್ಸಲಾ ಸಂಭಾಜಿನಗರದಲ್ಲೇ ಉಳಿದಳು. ಶನಿವಾರ ಕೆಲಸ ಮುಗಿಸಿ ಕೆಂಪು ಬಸ್ಸು ಹತ್ತಿದರೆ ಯೇವಲಾ ದಾಟುವವರೆಗೂ ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಮೆರವಣಿಗೆ. ಲಾಸಲಗಾಂವದಿಂದ ಬರುತ್ತಿದ್ದ ಸಹೋದ್ಯೋಗಿಯೊಬ್ಬರು ಒಳ್ಳೆಯ ಗಡ್ಡೆಗಳನ್ನು ಆರಿಸಿ ತಂದುಕೊಡುತ್ತಿದ್ದರು. ಅವನ್ನು ಪಾಟಿಯ ಮಗ್ಗುಲಲ್ಲೇ ಚೀಲಕ್ಕೆ ಸುರಿದುಕೊಳ್ಳುತ್ತಿದ್ದೆ. ಹೆಂಡತಿಗೆ ಹೂವು ಒಯ್ಯುವ ಗಂಡಂದಿರೂ ಇದ್ದಾರಂತೆ. ನಾನು ಉಳ್ಳಾಗಡ್ಡಿ ಒಯ್ಯುವ ಪೈಕಿ.

ಪಾಟಿ ಒಂದು, ಓದುವವರು ಇಬ್ಬರು, ಅದೂ ಒಂದೇ ಕಾದಂಬರಿ. ವಾರವೆಲ್ಲ ಅದು ನನ್ನ ಬಳಿ. ರವಿವಾರ ಪೂರ್ತಿ ಅವಳದು. ನಾನು ಬಸ್ಸಿನಲ್ಲಿ ಎರಡು ಪುಟ ಓದಿ ತೂಕಡಿಸುವವನು. ಅವಳು ಒಗ್ಗರಣೆ ಸಿಡಿಯುವಷ್ಟರಲ್ಲಿ ನಾಲ್ಕು ಪುಟ ಮುಗಿಸುವವಳು. ಹೀಗಾಗಿ ಅವಳು ನನಗಿಂತ ಯಾವಾಗಲೂ ಬಹಳ ಮುಂದೆ. ಆದರೂ ಸೋಮವಾರ ನಸುಕಿನಲ್ಲಿ ಬಸ್ಸು ಹತ್ತಿ ತೆರೆದರೆ, ಪಾಟಿ ನಾನು ಬಿಟ್ಟ ಪುಟದಲ್ಲೇ ನಿಂತಿರುತ್ತಿತ್ತು! ಯಾರು ಎಲ್ಲಿ ಬಿಟ್ಟರೆಂದು ಬೇರೆಬೇರೆಯಾಗಿ ನೆನಪಿಡುವ ಯಂತ್ರವೆಂದು ನನಗೆ ಹೆಮ್ಮೆಯೋ ಹೆಮ್ಮೆ. ಚಹಾದ ಹೊತ್ತಿಗೆ ಇದನ್ನೇ ಹೇಳಿ ಹೇಳಿ ಎಷ್ಟು ಜನರ ತಲೆ ತಿಂದಿದ್ದೇನೋ!

ಆಮೇಲೆ ವತ್ಸಲಾ ನಾಸಿಕಕ್ಕೇ ಬಂದಳು, ನಾನು ನಿವೃತ್ತನಾದೆ, ಬಸ್ಸು ನಿಂತಿತು, ಪಾಟಿ ಚೀಲದಲ್ಲೇ ಮಲಗಿತು. ಗಂಡಹೆಂಡಿರು ಒಂದೇ ಮನೆಯಲ್ಲಿದ್ದರೆ ಓದುವುದಕ್ಕಿಂತ ವಾದ ಮಾಡುವುದಕ್ಕೆ ಹೆಚ್ಚು ಪುರಸೊತ್ತು ಸಿಗುತ್ತದೆ. ನಿಮಗೂ ಗೊತ್ತಿದ್ದದ್ದೇ.

ಈಗ ಮಾತ್ರ ಅದು ನಿಜಕ್ಕೂ ಬೇಕಾಗಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ವತ್ಸಲಾಗೆ ಮೊಬೈಲಿನ ಬೆಳಕು ಚುಚ್ಚುತ್ತಿತ್ತು. ಅಚ್ಚಿನ ಅಕ್ಷರ ಇರುವೆಯ ಸಾಲಿನಂತೆ ಕಾಣುತ್ತಿತ್ತು. ಓದಿಲ್ಲದೆ ಅವಳ ಮಧ್ಯಾಹ್ನಗಳು ಮುಂದೆ ಸಾಗುತ್ತಿರಲಿಲ್ಲ. ಅವಳು ಸುಮ್ಮನೆ ಕಿಟಕಿಯತ್ತ ನೋಡುತ್ತ ಕೂತಿದ್ದನ್ನು ಕಂಡಾಗ ನನಗೆ ಸಂಕಟವಾಗುತ್ತಿತ್ತು. ಪಾಟಿಯಲ್ಲಾದರೆ ಅಕ್ಷರವನ್ನು ಸಂಡಿಗೆಯಷ್ಟು ದೊಡ್ಡದು ಮಾಡಬಹುದು, ಕಣ್ಣಿಗೆ ಬೆಳಕೂ ಹೊಡೆಯುವುದಿಲ್ಲ. ಆದರೆ ಚಾರ್ಜಿಗೆ ಹಚ್ಚಿದರೆ ಅದು ಮಿಸುಕಲಿಲ್ಲ. ದೀಪವಿಲ್ಲ, ಒಂದು ಗೆರೆಯೂ ಇಲ್ಲ.

ಸಂಭಾಜಿನಗರದಲ್ಲಿರುವ ಮಗಳು ಫೋನಿನಲ್ಲಿ, "ಅಪ್ಪಾ, ಅದನ್ನ ಟಾಕೂನ್ ದ್ಯಾ, ಮೀ ನವೀನ್ ಮಾಗವ್ತೆ" ಎಂದಳು. ಎಸೆದುಬಿಡಿ, ಹೊಸದು ತರಿಸುತ್ತೇನೆ ಎಂದು ಅವಳ ಮಾತು. ಫೋನು ಕಸಿದುಕೊಂಡು ವತ್ಸಲಾ, "ಬ್ಯಾಡವಾ, ನಾ ಅರ್ಧಾ ಓದಿದ ಕಾದಂಬರಿ ಇದರಾಗ ಅದ" ಎಂದಳು. ಇನ್ನು ಅದನ್ನು ಬದುಕಿಸುವ ಹೊಣೆ ನನ್ನದಾಯಿತು.

ವೈರು ಬದಲಿಸಿದೆ, ಚಾರ್ಜರು ಬದಲಿಸಿದೆ, ಬೆರಳು ನೋಯುವವರೆಗೆ ಗುಂಡಿ ಒತ್ತಿ ಹಿಡಿದೆ. ಪೂರ್ತಿ ಬತ್ತಿದ ಬ್ಯಾಟರಿ ನಿಧಾನವಾಗಿ ಜೀವ ಹಿಡಿಯುತ್ತದೆ, ಒಂದು ದಿನವಾದರೂ ಮುಟ್ಟದೆ ಬಿಡಬೇಕು ಎಂದು ಎಲ್ಲೋ ಓದಿ ಹಾಗೇ ಬಿಟ್ಟೆ. ಮೂರು ದಿನವಾದರೂ ಏನೂ ಇಲ್ಲ. "ಇದರ ಆಯುಷ್ಯ ಮುಗೀತು" ಎಂದು ಕೈಚೆಲ್ಲಿದೆ. ವತ್ಸಲಾ ಗೋಡೆಯ ಸ್ವಿಚ್ ಬೋರ್ಡನ್ನು ದಿಟ್ಟಿಸಿ ನೋಡಿದಳು.

"ಇದರ ಬಟನ್ ಯಾರ್ರೀ ಬಂದ್ ಮಾಡಿದ್ದು?"

ಇನ್ಯಾರು, ನಾನೇ! ಬ್ಯಾಂಕಿನಲ್ಲಿದ್ದಾಗ ಬಾಗಿಲು ಹಾಕುವ ಮೊದಲು ಪ್ರತಿ ಬಟನ್ನು ಮುಟ್ಟಿ ನೋಡಿ ಬಂದ್ ಮಾಡುವುದು ನನ್ನ ಪದ್ಧತಿ. ನಾನು ನಿವೃತ್ತನಾದರೂ ಕೈ ಇನ್ನೂ ಆಗಿರಲಿಲ್ಲ. ವಾಕಿಂಗಿಗೆ ಹೋಗುವಾಗ, ಕಾಯಿಪಲ್ಯೆಗೆ ಹೋಗುವಾಗ, ಪ್ರತಿ ಸಲವೂ ನಾನು ಮನೆಯೆಂಬ ಬ್ರಾಂಚು ಮುಚ್ಚುತ್ತಿದ್ದೆ.

"ಹಾಲಿಗೆ ಹೆಪ್ಪ ಹಾಕಿ ತಾಸಿಗೊಮ್ಮೆ ಅಲಗಾಡಿಸಿದ್ರ ಮೊಸರು ಆಗ್ತದೇನ್ರೀ?" ಎಂದ ವತ್ಸಲಾ ತನ್ನ ಹಣೆಯ ಟಿಕಳಿ ತೆಗೆದು ಆ ಬಟನ್ನಿನ ಮೇಲೆ ಅಂಟಿಸಿದಳು. "ಇದನ್ನ ಮುಟ್ಟಬ್ಯಾಡ್ರಿ."

ಮರುದಿನ ಮಧ್ಯಾಹ್ನ ಪಾಟಿಯ ಅಂಚಿನಲ್ಲಿ ಸಣ್ಣ ದೀಪ ಹತ್ತಿತು. ಸಂಜೆಗೆ ಕಾದಂಬರಿಯೇ ತೆರೆಯಿತು. ಕನ್ನಡಕ ಏರಿಸಿ, ಅಕ್ಷರ ದೊಡ್ಡದು ಮಾಡಿಕೊಂಡು ಕೂತ ವತ್ಸಲಾ ಆ ದಿನ ಚಹಾ ಮಾಡುವುದನ್ನೇ ಮರೆತಳು. ನಾನೇ ಮಾಡಿದೆ. ಅಷ್ಟು ಖುಷಿಯಿಂದ ನಾನೆಂದೂ ಚಹಾ ಮಾಡಿದ್ದಿಲ್ಲ.

ಎರಡು ದಿನ ಬಿಟ್ಟು ನಾನು ಓದಲೆಂದು ಕೈಗೆತ್ತಿಕೊಂಡೆ. ಅದು ನನ್ನ ಪುಟ ತೋರಿಸಲಿಲ್ಲ, ಅವಳ ಪುಟದಲ್ಲೇ ನಿಂತಿತ್ತು.

"ಪಾಪ, ಇದಕ್ಕ ನೆನಪಿನ ಶಕ್ತಿ ಹೋಗ್ಯದ" ಎಂದೆ.

ವತ್ಸಲಾ ನಗತೊಡಗಿದಳು. "ಅದಕ್ಕ ಯಾವಾಗ ಇತ್ತರೀ ನೆನಪು? ರವಿವಾರ ರಾತ್ರಿ ನಾನೇ ಹಿಂದ ಹಿಂದ ಪುಟಾ ತಿರುವಿ ನಿಮ್ಮ ಪಾನಕ್ಕ ತಂದಿಡ್ತಿದ್ದೆ. ಬಸ್ಸಿನ್ಯಾಗ ಹುಡುಕ್ಕೋತ ಕೂಡಬಾರದಂತ."

"ಮತ್ತ ನಿನ್ನ ಪಾನ?"

"ನನ್ನ ಪಾನ ನನ್ನ ತಲ್ಯಾಗ ಇರ್ತಿತ್ತು."

ಅಷ್ಟು ವರ್ಷ ಬ್ರಾಂಚಿನವರೆದುರು ನಾನು ಹೊಗಳಿದ್ದು ಯಾರನ್ನು ಎಂದು ಆಗ ತಿಳಿಯಿತು. ಪಾಟಿಯ ಗಾಜು ಒರೆಸುತ್ತ ಕೂತೆ.

ನಿನ್ನೆ ಅವಳು ಮಲಗಿದ್ದಾಗ ನನ್ನ ಪುಟ ಹುಡುಕಿ ಸ್ವಲ್ಪ ಓದಿದೆ. ಆಮೇಲೆ ಗುಂಡಿ ಒತ್ತಿ ಒತ್ತಿ ಅವಳ ಪುಟಕ್ಕೆ ತಂದೆ, ಅಕ್ಷರ ಮತ್ತೆ ದೊಡ್ಡದು ಮಾಡಿದೆ, ಚಾರ್ಜಿಗೆ ಹಚ್ಚಿದೆ. ವಾಕಿಂಗಿಗೆ ಹೊರಡುವಾಗ ಟಿಕಳಿಯ ಬಟನ್ನೊಂದನ್ನು ಬಿಟ್ಟು ಉಳಿದವನ್ನೆಲ್ಲ ಬಂದ್ ಮಾಡಿದೆ.

ತಿರುಗಿ ಬಂದಾಗ ಅವಳು ಓದುತ್ತ ಕೂತಿದ್ದಳು. ತಲೆ ಎತ್ತದೆಯೇ, "ಪಾಟಿ ಎರಡು ಪಾನ ಹಿಂದ ಬಂದದ ನೋಡ್ರಿ" ಎಂದಳು.

"ವಯಸ್ಸಾಗ್ಯದ ಅದಕ್ಕ. ಇನ್ನ ಮ್ಯಾಲೆ ಸರಿಯಾಗಿ ನೆನಪಿಡ್ತದ" ಎಂದೆ.

"ಇರ್ಲಿ ಬಿಡ್ರಿ" ಎಂದ ವತ್ಸಲಾ, ಓದಿದ್ದ ಆ ಎರಡು ಪುಟಗಳನ್ನೇ ಮತ್ತೊಮ್ಮೆ ಓದತೊಡಗಿದಳು.